ನಮ್ಮ ಮೀನೂಟ ಜಿಡಿಪಿ ಲೆಕ್ಕದಲ್ಲಿ ಉಂಟಾ?

ಪ್ರಶ್ನೆ: ಕುಮಟಾ-ಗೋಕರ್ಣ ರಸ್ತೆ ಬದಿ ನಮ್ದೊಂದು ಸಣ್ಣ ಮೀನೂಟದ ಹೋಟೆಲ್. ದೇಶದ ಜಿಡಿಪಿಲಿ ಟೂರಿಸಂ ಪಾಲು ಸುಮಾರು 5 ಪರ್ಸೆಂಟ್ ಅಂತ ಪೇಪರಲ್ಲಿ ಓದ್ದೆ. ಇಷ್ಟು ವರ್ಷದಲ್ಲಿ ಒಬ್ರೂ ಬಂದು ನಿಮ್ಮಲ್ಲಿ ಟೂರಿಸ್ಟ್ ಎಷ್ಟು, ಊರವ್ರು ಎಷ್ಟು ಅಂತ ಕೇಳಿಲ್ಲ. ಹಾಗಾದ್ರೆ ಈ ಲೆಕ್ಕ ಎಲ್ಲಿಂದ ಬಂತು? ನಮ್ಮ ದುಡಿಮೆ ಅದ್ರಲ್ಲಿ ಉಂಟಾ?
— ಓದುಗರು, ಗೋಕರ್ಣ

ಉತ್ತರ: ಉಂಟು ಮಾರಾಯ್ರೆ. ಆದ್ರೆ ನಿಮ್ಮನ್ನ ಕೇಳಿ ಹಾಕಿದ್ದಲ್ಲ, ನಿಮ್ಮಂಥವ್ರ ಹತ್ರ ಉಂಡು ಹೋದವ್ರನ್ನ ಕೇಳಿ ಹಾಕಿದ್ದು. ದೇಶದ ಲೆಕ್ಕದಲ್ಲಿ ಹೋಟೆಲ್ ಅಂತ ಉಂಟು, ಸಾರಿಗೆ ಅಂತ ಉಂಟು, ಟೂರಿಸಂ ಅಂತ ಬೇರೆ ಉದ್ಯಮವೇ ಇಲ್ಲ, ಯಾಕಂದ್ರೆ ಏನು ಮಾರಿದ್ರಿ ಅನ್ನೋದ್ರ ಮೇಲಲ್ಲ, ಯಾರು ತಗೊಂಡ್ರು ಅನ್ನೋದ್ರ ಮೇಲೆ ಅದು ನಿಂತಿರೋದು. ಅದೇ ಬಂಗಡೆ ಫ್ರೈ ಪಕ್ಕದ ಮನೆಯವ್ರು ತಿಂದ್ರೆ ಟೂರಿಸಂ ಅಲ್ಲ, ಓಂ ಬೀಚ್ ನೋಡೋಕೆ ಹುಬ್ಬಳ್ಳಿಯಿಂದ ಬಂದವ್ರು ತಿಂದ್ರೆ ಹೌದು.

ಇದನ್ನ ಬಿಡಿಸಿ ಲೆಕ್ಕ ಹಾಕೋಕೆ ಟೂರಿಸಂ ಸ್ಯಾಟಲೈಟ್ ಅಕೌಂಟ್, ಅಂದ್ರೆ ದೇಶದ ಮುಖ್ಯ ಲೆಕ್ಕದ ಪಕ್ಕದಲ್ಲಿ ಇಡೋ ಉಪಲೆಕ್ಕ, ಅಂತ ಒಂದು ಪದ್ಧತಿ ಉಂಟು, ವಿಶ್ವಸಂಸ್ಥೆ 2000ದಲ್ಲಿ ಒಪ್ಪಿ 2008ರಲ್ಲಿ ತಿದ್ದಿದ್ದು. ನಮ್ಮ ದೇಶದಲ್ಲಿ 2002-03, 2009-10, 2015-16ನೇ ಸಾಲಿಗೆ ಮಾಡಿದ್ದಾರೆ. ಮೂರನೇದಕ್ಕೆ 2014-15ರಲ್ಲಿ ರಾಷ್ಟ್ರೀಯ ಸ್ಯಾಂಪಲ್ ಸರ್ವೆಯವ್ರು ಮನೆಮನೆಗೆ ಹೋಗಿ, ಎಲ್ಲಿಗೆ ಹೋಗಿದ್ರಿ, ಬಸ್ಸಿಗೆ ಎಷ್ಟಾಯ್ತು, ಊಟಕ್ಕೆ ಎಷ್ಟಾಯ್ತು ಅಂತ ಕೇಳಿದ್ದೇ ಮುಖ್ಯ ಆಧಾರ.

ಮತ್ತೆ ಟೂರಿಸ್ಟ್ ಅಂದ್ರೆ ಬ್ಯಾಗ್ ಹಾಕ್ಕೊಂಡ ಫಾರಿನರ್ ಮಾತ್ರ ಅಲ್ಲ. ತಾನು ದಿನಾ ಓಡಾಡೋ ಜಾಗ ಬಿಟ್ಟು ಒಂದು ವರ್ಷಕ್ಕಿಂತ ಕಡಿಮೆ ಹೊತ್ತಿಗೆ, ಅಲ್ಲಿ ಸಂಬಳಕ್ಕೆ ದುಡಿಯೋಕಲ್ದೆ ಬೇರೆ ಯಾವ ಕಾರಣಕ್ಕೆ ಹೋದ್ರೂ ಲೆಕ್ಕಕ್ಕೆ ಬರ್ತಾರೆ. ಚೌತಿಗೆ ಬೆಂಗಳೂರಿಂದ ಬರೋ ಮಗಳು, ಶಿರಸಿ ಮಾರಿಕಾಂಬಾ ಜಾತ್ರೆಗೆ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗೋ ಹಾವೇರಿಯವ್ರು, ಎಲ್ಲಾ ಬಂದ್ರು.

ಹೆಚ್ಚಿನವ್ರು ತಪ್ಪೋದು ಇಲ್ಲಿ. ನಿಮ್ಮ ಊಟಕ್ಕೆ 200 ರೂಪಾಯಿ ಅಂತಿಟ್ಕೊಳ್ಳಿ, ಮೀನು, ಅಕ್ಕಿ, ಕಾಯಿ, ಗ್ಯಾಸಿಗೆ 120 ಹೋಯ್ತು. ಉಳಿದ 80, ಅಂದ್ರೆ ನಿಮ್ಮ ಹುಡುಗರ ಸಂಬಳ ಮತ್ತೆ ನಿಮ್ಮ ಗಳಿಕೆ, ಅಷ್ಟೇ ಜಿಡಿಪಿಗೆ ನಿಮ್ಮ ನೇರ ಕೊಡುಗೆ. ಮೀನು ಹಿಡಿದವ್ರ ಪಾಲು, ಕಾಯಿ ಬೆಳೆದವ್ರ ಪಾಲು ಪರೋಕ್ಷ ಅಂತ ಬೇರೆ ಸೇರಿಸ್ತಾರೆ. ನೀವು ಓದಿದ 5ರಲ್ಲಿ ಎರಡೂ ಉಂಟು, ನೇರದ್ದು ಮಾತ್ರ ನೋಡಿದ್ರೆ ಹತ್ತಿರ ಹತ್ತಿರ ಅರ್ಧ. ಹಾಗಾಗಿ ಮುರ್ಡೇಶ್ವರಕ್ಕೆ ಇಷ್ಟು ಲಕ್ಷ ಜನ ಬಂದ್ರು ಅಂತ ಭಾಷಣದಲ್ಲಿ ಹೇಳಿದ ಕೂಡ್ಲೆ ಅದು ಕೊಡುಗೆ ಆಗಲ್ಲ, ತಲೆ ಎಣಿಸೋದೇ ಬೇರೆ, ದುಡಿಮೆ ಅಳೆಯೋದೇ ಬೇರೆ, ಎರಡನ್ನೂ ಒಂದೇ ಅಂತ ಹೇಳೋದು ನಂಗೆ ನಿಜಕ್ಕೂ ಬೇಜಾರಿನ ವಿಷಯ.

ನಿಮ್ಮ ಹೋಟೆಲ್‌ದು ನಿಮಗೇ ಗೊತ್ತಾಗ್ಬೇಕು ಅಂದ್ರೆ ಡಿಸೆಂಬರಲ್ಲಿ ಒಂದು ವಾರ, ಜುಲೈ ಮಳೇಲಿ ಒಂದು ವಾರ, ಪ್ರತಿ ಬಿಲ್ಲಿಗೂ ಊರವ್ರಾ ಹೊರಗಿನವ್ರಾ ಅಂತ ಗುರುತು ಹಾಕಿ, ಆ ವಾರದ ಸಾಮಾನಿನ ಖರ್ಚೂ ಬರೆದಿಡಿ. ಎರಡೂ ವಾರದ್ದು ನಂಗೆ ಕಳ್ಸಿ, ಕೂತು ಲೆಕ್ಕ ಹಾಕಿ ಕೊಡ್ತೇನೆ.