ಸಂಪಾದಕರ ಉತ್ತರ: ಕೊಲೆಗಾರನ ಜಾಣತನ ಮತ್ತು ಕೇಳುವವರಿಲ್ಲದ ಹೆಣಗಳು

ಹಾಸನದಿಂದ ನಿವೃತ್ತ ಎಎಸ್‌ಐ ಒಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯ ಕ್ರೈಂ ಸಿನಿಮಾಗಳ ಪಟ್ಟಿಯಲ್ಲಿ ಅನುರಾಗ್ ಕಶ್ಯಪ್ ಅವರ ‘ರಮನ್ ರಾಘವ್ 2.0’ ಇದ್ದದ್ದು ಅವರಿಗೆ ಸಿಟ್ಟು ತರಿಸಿದೆ. ಅವರ ಆಕ್ಷೇಪಗಳ ಸಾರ ಇಷ್ಟು. ಎಸಿಪಿಯನ್ನೇ ಕೊಕೇನ್ ಚಟದ ಕೊಲೆಗಡುಕನನ್ನಾಗಿ ತೋರಿಸಿ ಇಲಾಖೆಯ ಮಾನ ಕಳೆದಿದ್ದಾರೆ. ನಿಜವಾದ ಕೊಲೆಗಾರನ ಹೆಸರಿಟ್ಟುಕೊಂಡು ನಿಜವಾದ ಕಥೆಯನ್ನು ಕೈಬಿಟ್ಟಿದ್ದಾರೆ. ನವಾಜುದ್ದೀನ್ ಸಿದ್ದಿಕಿಯಂಥ ನಟನಿಗೆ ಆ ಪಾತ್ರ ಕೊಟ್ಟು ಹುಡುಗರ ತಲೆ ಕೆಡಿಸಿದ್ದಾರೆ. “ಇಂಥದ್ದನ್ನು ನೋಡಿ ಎಂದು ಹೇಳಲು ನಿಮಗೆ ಹೇಗೆ ಮನಸ್ಸು ಬಂತು?” ಎಂದು ಪತ್ರ ಮುಗಿಸಿದ್ದಾರೆ.

ಸರ್, ಕೊನೆಯ ಆಕ್ಷೇಪವನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ‘ಎ’ ಪ್ರಮಾಣಪತ್ರದ ಸಿನಿಮಾ. ಪಟ್ಟಿಯಲ್ಲಿ ಅದನ್ನು ನಮೂದಿಸಿದ್ದೇವೆ. ನವಾಜುದ್ದೀನ್ ಅವರ ರಮನ್ನನನ್ನು ನೋಡಿ ಯಾರಿಗಾದರೂ ಅವನಂತಾಗಬೇಕು ಅನ್ನಿಸಿದ್ದರೆ, ಆ ಹುಡುಗನ ತಲೆ ಸಿನಿಮಾಕ್ಕೆ ಹೋಗುವ ಮೊದಲೇ ಕೆಟ್ಟಿರಬೇಕು. ಇದರ ಬಗ್ಗೆ ಇಷ್ಟು ಸಾಕು.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ನಿರ್ದೇಶಕರೇನೋ ಮೊದಲೇ ಬಚಾವಾಗಿದ್ದಾರೆ. ಅರವತ್ತರ ದಶಕದ ರಮನ್ ರಾಘವನ ಪರಿಚಯ ಪರದೆಯ ಮೇಲೆ ಬರುತ್ತದೆ, ಅದರ ಬೆನ್ನಿಗೇ ಈ ಚಿತ್ರ ಅವನ ಬಗ್ಗೆ ಅಲ್ಲ ಎಂಬ ಸಾಲೂ ಬರುತ್ತದೆ. 2015ರಲ್ಲಿ ‘ಬಾಂಬೆ ವೆಲ್ವೆಟ್’ ಮಕಾಡೆ ಮಲಗಿದ ಮೇಲೆ ಹಳೆಯ ಮುಂಬಯಿಯನ್ನು ಮತ್ತೆ ಕಟ್ಟಲು ಕಶ್ಯಪ್ ಅವರಿಗೆ ದುಡ್ಡು ಹುಟ್ಟುವಂತಿರಲಿಲ್ಲ. ಹಾಗಾಗಿ ಕಥೆ ಇಂದಿನ ಮುಂಬಯಿಗೆ ಬಂತು. ನಿಜ ಕಥೆ ಬೇಕೆಂದರೆ ಶ್ರೀರಾಮ್ ರಾಘವನ್ 1991ರಲ್ಲಿ ರಘುವೀರ್ ಯಾದವ್ ಅವರನ್ನು ಇಟ್ಟುಕೊಂಡು ಮಾಡಿದ ಚಿತ್ರವಿದೆ. ಅಥವಾ, ನನ್ನ ಮಟ್ಟಿಗೆ ಎರಡೂ ಸಿನಿಮಾಗಳಿಗಿಂತ ರೋಚಕವಾದ, ಪೊಲೀಸ್ ದಾಖಲೆಗಳಲ್ಲಿರುವ ಸಂಗತಿಗಳಿವೆ.

1965–66ರಲ್ಲಿ ಮುಂಬಯಿಯ ಪೂರ್ವ ಉಪನಗರಗಳಲ್ಲಿ ಹತ್ತೊಂಬತ್ತು ಜನರ ಮೇಲೆ ರಾತ್ರಿ ಹೊತ್ತು ದಾಳಿಯಾಯಿತು. ಒಂಬತ್ತು ಮಂದಿ ಸತ್ತರು. ಎಲ್ಲರೂ ಗುಡಿಸಲಿನವರು, ಫುಟ್‌ಪಾತಿನವರು, ನಿದ್ದೆಯಲ್ಲಿದ್ದವರು. ಆಗಲೇ ರಮನ್ ರಾಘವ್ ಎಂಬೊಬ್ಬ ಅದೇ ಆಸುಪಾಸಿನಲ್ಲಿ ಅಲೆಯುತ್ತಾ ಪೊಲೀಸರ ಕೈಗೆ ಸಿಕ್ಕಿದ್ದ. ದರೋಡೆ ಕೇಸಿನಲ್ಲಿ ಐದು ವರ್ಷ ಒಳಗಿದ್ದು ಬಂದವನು, ಅವನ ಬೆರಳಚ್ಚು ಕಡತದಲ್ಲೇ ಇತ್ತು. ಸಾಕ್ಷ್ಯವಿಲ್ಲವೆಂದು ಬಿಟ್ಟು ಕಳಿಸಿದರು. 1968ರಲ್ಲಿ ಮತ್ತೆ ಅದೇ ಶುರುವಾಯಿತು: ಅದೇ ಬಗೆಯ ಗುಡಿಸಲು, ತಲೆಯ ಮೇಲೆ ಅದೇ ಬಗೆಯ ಪೆಟ್ಟು. ಕ್ರೈಂ ಬ್ರಾಂಚಿನ ಡಿಸಿಪಿ ರಮಾಕಾಂತ ಕುಲಕರ್ಣಿ ಹಳೆಯ ಕಡತಗಳನ್ನು ತೆಗೆಸಿದರು. ಆಗಸ್ಟ್ 27ರಂದು ಸಬ್ ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲ್ಹೊ ಬೀದಿಯಲ್ಲಿ ಹೋಗುತ್ತಿದ್ದವನ ಗುರುತು ಹಿಡಿದು ನಿಲ್ಲಿಸಿದರು. ಅಟ್ಟಿಸಿಕೊಂಡು ಓಡಲಿಲ್ಲ, ಗುಂಡು ಹಾರಿಸಲಿಲ್ಲ. ಅವರ ಬಳಿ ಇದ್ದದ್ದು ಫೋಟೊ ಮತ್ತು ಕಂಡವರು ಹೇಳಿದ ಚಹರೆ.

ಪಂಚರ ಎದುರು ಜಪ್ತಿಯಾದ ಮಾಲು ಕೇಳಿ: ಒಂದು ಕನ್ನಡಕ, ಎರಡು ಬಾಚಣಿಗೆ, ಒಂದು ಕತ್ತರಿ, ಊದುಬತ್ತಿ ಸ್ಟ್ಯಾಂಡು, ಸೋಪು, ಬೆಳ್ಳುಳ್ಳಿ, ಚಹಾಪುಡಿ, ಲೆಕ್ಕ ಗೀಚಿದ ಎರಡು ಚೀಟಿ. ಬುಷ್‌ಶರ್ಟು, ಖಾಕಿ ಚಡ್ಡಿಯ ಮೇಲೆ ರಕ್ತದ ಕಲೆ. ಬೂಟಿನಲ್ಲಿ ಕೆಸರು. ಕಸ್ಟಡಿಯಲ್ಲಿ ತುಟಿ ಪಿಟಕ್ಕೆನ್ನದವನು ಬಾಯಿ ಬಿಟ್ಟದ್ದು ಕೇಳಿದ ಕೋಳಿ ಊಟ ಹೊಟ್ಟೆಗೆ ಹೋದ ಮೇಲೆ. ಆಮೇಲೆ ತಲೆಗೆ ಎಣ್ಣೆಯನ್ನೂ ಕೇಳಿದನಂತೆ. ನಲವತ್ತೊಂದು ಕೊಲೆ ಒಪ್ಪಿಕೊಂಡ, ಬಚ್ಚಿಟ್ಟ ಸಲಾಕೆ ತೋರಿಸಿದ. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು, ಅವನು ಮೇಲ್ಮನವಿಯನ್ನೇ ಹಾಕಲಿಲ್ಲ. ಹೈಕೋರ್ಟು ಮಾತ್ರ ಶಿಕ್ಷೆ ಕಾಯಂ ಮಾಡುವ ಮೊದಲು ಮೂವರು ಮನೋವೈದ್ಯರ ಮಂಡಳಿ ನೇಮಿಸಿತು. ಐದು ಬಾರಿ, ಎರಡೆರಡು ತಾಸು ಮಾತಾಡಿಸಿದರು. ಕೊನೆಯ ದಿನ ವೈದ್ಯರು ಕೈಕುಲುಕಲು ಹೋದರೆ ಕೈ ಹಿಂದೆಗೆದನಂತೆ. ತಾನು ‘ಕಾನೂನ್’ನ ಪ್ರತಿನಿಧಿ, ಈ ದುಷ್ಟ ಲೋಕದವರನ್ನು ಮುಟ್ಟುವುದಿಲ್ಲ ಎಂದ. ವಾಸಿಯಾಗದ ಮಾನಸಿಕ ಕಾಯಿಲೆ ಎಂಬ ವರದಿಯ ಮೇಲೆ ಗಲ್ಲು ಜೀವಾವಧಿಯಾಯಿತು. ಯೆರವಡಾ ಜೈಲಿನಲ್ಲಿದ್ದು, 1995ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಸತ್ತ.

ಇದರಲ್ಲಿ ಕೊಲೆಗಾರನ ಚಾಣಾಕ್ಷತೆ ಎಲ್ಲಿದೆ ಹೇಳಿ, ಸರ್? ಬೆಳ್ಳುಳ್ಳಿ, ಚಹಾಪುಡಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ರೋಗಿ ಅವನು. ಒಮ್ಮೆ ಸಿಕ್ಕಿಯೂ ಅವನು ಹೊರಗೆ ಹೋಗಲು ಸಾಧ್ಯವಾದದ್ದು, ಮತ್ತೆ ಬಂದು ಅದನ್ನೇ ಮಾಡಲು ಸಾಧ್ಯವಾದದ್ದು, ಸತ್ತವರು ಯಾರು ಎಂಬುದರಿಂದ. ಸಿರಿವಂತರ ಮಲಬಾರ್ ಹಿಲ್‌ನಲ್ಲಿ ಮಲಗಿದ್ದವರ ತಲೆ ಒಡೆದಿದ್ದರೆ ಅವನನ್ನು 1966ರಲ್ಲಿ ಬಿಟ್ಟು ಕಳಿಸುತ್ತಿದ್ದರೆ? ನಲವತ್ತೊಂದರ ಲೆಕ್ಕ ಕೊಟ್ಟವನು ಕೊಲೆಗಾರನೇ ಹೊರತು ಇಲಾಖೆಯಲ್ಲ ಎಂಬುದನ್ನೂ ಗಮನಿಸಿ.

ಕಶ್ಯಪ್ ಅವರಿಗೆ ಇದು ಗೊತ್ತಿದೆ. ನಮ್ಮ ಪಟ್ಟಿಗೆ ಚಿತ್ರ ಸೇರಿದ್ದೂ ಇದೇ ಕಾರಣಕ್ಕೆ. ಮೊದಲರ್ಧದಲ್ಲಿ ರಮನ್ನ ತಾನಾಗಿಯೇ ಬಂದು ಕೊಲೆಗಳನ್ನು ಒಪ್ಪಿಕೊಳ್ಳುತ್ತಾನೆ. ಪೊಲೀಸರು ನಂಬುವುದಿಲ್ಲ. ಹುಚ್ಚ ಎಂದು ಪಾಳು ಕಟ್ಟಡವೊಂದರಲ್ಲಿ ಕೂಡಿಹಾಕುತ್ತಾರೆ, ಅವನು ತಪ್ಪಿಸಿಕೊಳ್ಳುತ್ತಾನೆ. ಅಲ್ಲಿಂದ ಒಡಹುಟ್ಟಿದ ಲಕ್ಷ್ಮಿಯ ಮನೆಗೆ ಹೋಗುತ್ತಾನೆ. ಅಮೃತಾ ಸುಭಾಷ್ ಅವರನ್ನು ಅಲ್ಲಿ ನೋಡಬೇಕು. ಬಾಗಿಲಲ್ಲಿ ಅವನನ್ನು ಕಂಡ ಕ್ಷಣದಿಂದ ಆಕೆಯ ಮೈಯೆಲ್ಲ ಹಳೆಯ ಭಯ. ಗಂಡನಿಗೆ ಅದು ಅರ್ಥವಾಗುವುದಿಲ್ಲ, ಮಗುವಿಗಂತೂ ಏನೂ ಗೊತ್ತಿಲ್ಲ. ಮುಂದೆ ಏನಾಗುತ್ತದೆಂದು ನಮಗೂ ಆಕೆಗೂ ಮೊದಲೇ ತಿಳಿದಿದೆ. ಈ ಜಾತಿಯ ಸಿನಿಮಾಗಳಲ್ಲಿ ಸಾಯುವವರಿಗೆ ಸಿಗುವುದು ಒಂದು ಚೀರಾಟ, ಒಂದು ಬಿಳಿ ಬಟ್ಟೆ. ಇಲ್ಲಿ ಅವರಿಗೊಂದು ಅಡುಗೆಮನೆ ಸಿಗುತ್ತದೆ, ಸಂಸಾರ ಸಿಗುತ್ತದೆ, ಬೇಕಾದಷ್ಟು ಹೊತ್ತು ಸಿಗುತ್ತದೆ.

ಆಮೇಲೆ ಚಿತ್ರ ಜಾರುತ್ತದೆ. ಕೊಲೆಗಾರ ರಮನ್ ಮತ್ತು ಎಸಿಪಿ ರಾಘವ್ ಒಂದೇ ಜೀವದ ಎರಡು ಭಾಗ, ಒಬ್ಬ ಇನ್ನೊಬ್ಬನನ್ನು ಹುಡುಕುತ್ತಿದ್ದ ಎಂಬ ತತ್ತ್ವ ಶುರುವಾಗುತ್ತದೆ. ಕೇಳಲು ಗಂಭೀರ, ಒಳಗೆ ಟೊಳ್ಳು. ವಿಕ್ಕಿ ಕೌಶಲ್ ಕಷ್ಟಪಟ್ಟು ನಟಿಸಿದ್ದಾರೆ, ಆದರೆ ಆ ಎಸಿಪಿ ಒಂದು ದಿನವಾದರೂ ಠಾಣೆಯ ಕೆಲಸ ಮಾಡಿದವನಂತೆ ಕಾಣುವುದಿಲ್ಲ. ಶೋಭಿತಾ ಧೂಳಿಪಾಲ ಅವರ ಸಿಮ್ಮಿಯಂತೂ ಅವನ ಕೈಯಲ್ಲಿ ಪೆಟ್ಟು ತಿನ್ನಲೆಂದೇ ಇರುವ ಪಾತ್ರ. ಆದ್ದರಿಂದ ನಿಮ್ಮ ಮೊದಲ ಆಕ್ಷೇಪಕ್ಕೆ ನನ್ನ ಉತ್ತರ: ರಾಘವನಿಂದ ನಿಮ್ಮ ಇಲಾಖೆಗೆ ಅವಮಾನವಾಗಲು ಅವನು ಮೊದಲು ಪೊಲೀಸನಾಗಬೇಕಿತ್ತು. ಸಮವಸ್ತ್ರ ತೊಟ್ಟವರಲ್ಲಿ ಕೊಲೆಗಾರ ಇರಲಾರ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮಲ್ಲೇ ಉಮೇಶ್ ರೆಡ್ಡಿ ಇದ್ದಾನಲ್ಲ. ಸಿಆರ್‌ಪಿಎಫ್‌ನಲ್ಲಿದ್ದವನು, ಚಿತ್ರದುರ್ಗದಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಪೇದೆಯಾಗಿದ್ದವನು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹತ್ತು ವರ್ಷ ಒಂಟಿ ಕೋಣೆಯಲ್ಲಿಟ್ಟದ್ದು ಕಾನೂನುಬಾಹಿರ ಎಂಬುದು ಅದಕ್ಕೆ ಕಾರಣ.

ನಾನು ಹೇಳುತ್ತಿರುವುದು ಮುಂಬಯಿಗಷ್ಟೇ ಸೇರಿದ್ದಲ್ಲ ಎಂಬುದಕ್ಕೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಸೈನೈಡ್ ಮೋಹನನ ಕೇಸು ಸಾಕು. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲಾ ಮೇಷ್ಟ್ರು. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳು. ವರದಕ್ಷಿಣೆ ಬೇಡ ಎಂದು ಮದುವೆಯ ಮಾತಾಡಿ ಬೇರೆ ಊರಿನ ಲಾಡ್ಜಿಗೆ ಕರೆತರುವುದು, ಬೆಳಗಾದರೆ ಒಡವೆ ರೂಮಿನಲ್ಲೇ ಬಿಡಿಸಿ ಬಸ್‌ಸ್ಟ್ಯಾಂಡಿಗೆ ಹೊರಡಿಸುವುದು, ಗರ್ಭ ನಿಲ್ಲದಿರಲು ಎಂದು ಮಾತ್ರೆ ಕೊಟ್ಟು ಶೌಚಾಲಯಕ್ಕೆ ಹೋಗಿ ನುಂಗು ಎನ್ನುವುದು. ಮಡಿಕೇರಿ, ಮೈಸೂರು, ಹಾಸನ, ಬೆಂಗಳೂರು ಎಂದು ಊರು ಬದಲಾಯಿತೇ ಹೊರತು ರೀತಿ ಬದಲಾಗಲಿಲ್ಲ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಒಡೆದರೆ ಅಪರಿಚಿತ ಹೆಣ್ಣಿನ ಶವ. ಅಸ್ವಾಭಾವಿಕ ಸಾವು ಎಂದೊಂದು ಯುಡಿಆರ್ ವರದಿ, ಆಗಿನ ಸಿಆರ್‌ಪಿಸಿಯ 174ನೇ ಸೆಕ್ಷನ್, ಕಡತ ಕಟ್ಟಿ ಮೇಲಿಡು. ಒಂದು ಠಾಣೆಯ ಯುಡಿಆರ್ ಇನ್ನೊಂದು ಠಾಣೆಗೆ ಗೊತ್ತಾಗಲಿಲ್ಲ. 2009ರಲ್ಲಿ ಬಂಟ್ವಾಳದ ಯುವತಿಯೊಬ್ಬಳು ಕಾಣೆಯಾದಾಗ, ಅನ್ಯ ಧರ್ಮದವನೊಂದಿಗೆ ಹೋದಳೆಂದು ಊರಲ್ಲಿ ಗಲಾಟೆಯೆದ್ದಿತು. ಗುಮಾನಿ ಪೂರ್ತಿ ಸುಳ್ಳು. ಆದರೆ ಆ ಗಲಾಟೆಯ ಒತ್ತಡಕ್ಕೇ ಪೊಲೀಸರು ಫೋನ್ ಕರೆಗಳ ಪಟ್ಟಿ ತೆಗೆದು ಕೂತರು. ಒಂದು ನಂಬರಿನಿಂದ ಕಾಣೆಯಾದ ಇನ್ನೊಬ್ಬಳ ಫೋನು, ಅಲ್ಲಿಂದ ಮತ್ತೊಬ್ಬಳದು, ಹೀಗೆ ಎಳೆ ಹಿಡಿದು ಮೇಷ್ಟ್ರ ಮನೆ ಬಾಗಿಲಿಗೆ ಬಂದರು.

ಮೇಜಿನ ಮುಂದೆ ಕೂತು ಕರೆಪಟ್ಟಿ ತಾಳೆ ನೋಡುವ ಪೇದೆಯ ಮೇಲೆ ನಮ್ಮ ಹಿಂದಿ ಸಿನಿಮಾಗಳಿಗೆ ಕಣ್ಣು ಬೀಳುವುದು ಅಪರೂಪ. ಅವಕ್ಕೆ ಕೊಕೇನ್ ಎಸಿಪಿ ಬೇಕು, ಇಲ್ಲವೇ ಎದೆ ಸೆಟೆದು ನಡೆಯುವ ಸಿಂಹ ಬೇಕು. ನಿಮ್ಮ ಸಿಟ್ಟಿನ ಅರ್ಧವನ್ನು ಸಿಂಹಗಳಿಗೂ ಎತ್ತಿಡಬೇಕೆಂದು ನನ್ನ ಕೋರಿಕೆ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತಿದ್ದೇವೆ. ನಿರ್ದೇಶಕರ ವೈಯಕ್ತಿಕ ಬದುಕಿನ ಬಗ್ಗೆ ಬರೆದ ಎರಡು ಸಾಲು ಮಾತ್ರ ತೆಗೆದಿದ್ದೇವೆ. ಅದರ ಜತೆಗೆ ಒಂದು ಬೇಡಿಕೆ. ಠಾಣೆಯಲ್ಲಿ ಯುಡಿಆರ್ ಕಡತವೊಂದು ಹೇಗೆ ತೆರೆದುಕೊಳ್ಳುತ್ತದೆ, ಯಾರ ಸಹಿಗೆ ಮುಚ್ಚಿಹೋಗುತ್ತದೆ, ವಾರಸುದಾರರು ಬಾರದ ಶವವನ್ನು ಎಷ್ಟು ದಿನ ಇಡುತ್ತೀರಿ, ಅದರ ಫೋಟೊ ಯಾವ ಯಾವ ಠಾಣೆಗೆ ಹೋಗುತ್ತದೆ, ಇವನ್ನು ನಿಮ್ಮ ಸೇವೆಯ ಅನುಭವದಿಂದ ಬರೆದುಕೊಡಿ. ಸಾವಿರ ಪದ ಮೀರಿದರೂ ಕತ್ತರಿ ಹಾಕುವುದಿಲ್ಲ.