ಅಪ್ಪನ ಮಣ್ಣಿಗೆ ಬರಲಾಗದವನು ಗೆಳೆಯರನ್ನು ಕಾಣಲು ಹೋಗಬಹುದೇ?

ಪತ್ರದ ಸಾರ: ನನಗೀಗ 47 ವರ್ಷ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯವನು, ಕುಡಿಯುವ ನೀರಿನ ಯೋಜನೆಗಳಲ್ಲಿ ದುಡಿದವನು. 2011ರಿಂದ ಎರಡು ವರ್ಷ ಇಥಿಯೋಪಿಯಾದ ಜಿವಾಯ್ ಪಟ್ಟಣದಲ್ಲಿ ಸ್ವಯಂಸೇವಕನಾಗಿ, ನೀರಿನ ಫ್ಲೋರೈಡ್ ತೆಗೆಯುವ ಘಟಕಗಳ ಕೆಲಸ ಮಾಡಿದೆ. ನಾನು ಅಲ್ಲಿದ್ದಾಗಲೇ, 2013ರಲ್ಲಿ ಗವಿಮಠದ ಜಾತ್ರೆಯ ದಿನಗಳಲ್ಲಿ, ಅಪ್ಪ ತೀರಿಕೊಂಡರು. ಅಂದೇ ಸಂಜೆ ಮಣ್ಣು ಮಾಡಿದರು, ನನಗೆ ಬರಲಾಗಲಿಲ್ಲ. ಆಗ ನನ್ನೊಂದಿಗಿದ್ದ ಫಿಲಿಪ್ಪೀನ್ಸ್‌ನ ಶಿಕ್ಷಕಿ, ಉಗಾಂಡಾದ ನರ್ಸ್, ನೆದರ್ಲೆಂಡ್ಸ್‌ನ ಹಿರಿಯ ಇಂಜಿನಿಯರ್ ಮೂವರೂ ಬರುವ ಜನವರಿಯಲ್ಲಿ ಅಲ್ಲಿ ಮತ್ತೆ ಸೇರುತ್ತಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಹೆಂಡತಿ ಒಪ್ಪಿದ್ದಾಳೆ. ಅಕ್ಕ ಮಾತ್ರ, “ಅಪ್ಪನ ಮಣ್ಣಿಗೆ ಬರಾಕ ಆಗ್ಲಿಲ್ಲ, ಈಗ ಗೆಳೆಯರ್ನ ನೋಡಾಕ ಹೊಂಟೀಯೇನು?” ಎಂದಳು. ನಾವು ಕಟ್ಟಿದ ಘಟಕವೂ ನಿಂತುಹೋಗಿದೆಯಂತೆ. ಹೋಗುವುದನ್ನೇ ಬಿಡಲೇ, ಅಥವಾ ಬೆಂಗಳೂರಿನಲ್ಲಿ ಕೆಲಸವಿದೆ ಎಂದು ಹೇಳಿ ಹೋಗಿಬರಲೇ?

ಆತ್ಮೀಯರೇ,

ಹೋಗಿಬನ್ನಿ. ಆದರೆ ಬೆಂಗಳೂರಿನ ನೆಪ ಹೇಳಿ ಹೋಗಬೇಡಿ. ಅಪ್ಪನ ಸಾವಿನ ವಿಷಯದಲ್ಲಿ ನಿಮ್ಮಿಬ್ಬರ ನಡುವೆ ಇಷ್ಟು ವರ್ಷ ಬೆಳೆದಿರುವ ಮೌನದ ಮೇಲೆ ಒಂದು ಸುಳ್ಳನ್ನೂ ಹೇರಿದರೆ, ಮುಂದೆ ಅದನ್ನು ಸರಿಸುವುದು ನಿಮ್ಮಿಂದಾಗಲಿಕ್ಕಿಲ್ಲ.

ನಿಮ್ಮ ಪೂರ್ತಿ ಪತ್ರವನ್ನು ನಾನು ಮೂರು ಸಲ ಓದಿದೆ. ಪ್ರಯಾಣದ ಖರ್ಚಿಗೆ ನೀವು ಒಂದು ಸಾಲು ಕೊಟ್ಟಿದ್ದೀರಿ, ಅಕ್ಕನ ಮಾತಿಗೆ ನಾಲ್ಕು ಸಾಲು. ಊರಿನಿಂದ ಫೋನ್ ಬಂದ ಆ ರಾತ್ರಿಗೆ ಮಾತ್ರ ಒಂದಿಡೀ ಪುಟ ಕೊಟ್ಟಿದ್ದೀರಿ. ಮನೆಯೊಡತಿ ಇದ್ದಿಲಿನ ಒಲೆ ಹೊತ್ತಿಸಿ, ನಿಮ್ಮ ಕಣ್ಣೆದುರಿಗೇ ಹಸಿ ಕಾಫಿ ಬೀಜ ಹುರಿದು, ಕುಟ್ಟಿ, ಜಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅಬೋಲ್, ತೋನಾ, ಬರಕಾ ಎಂದು ಅಲ್ಲಿಯವರು ಕರೆಯುವ ಮೂರು ಸುತ್ತಿನ ಕಾಫಿಯನ್ನು ಕೊಟ್ಟದ್ದು; ಸಾವಿನ ಖರ್ಚಿಗೆಂದು ಓಣಿಯವರೆಲ್ಲ ತಿಂಗಳಿಗಿಷ್ಟು ಹಣ ಕೂಡಿಸುವ ಅವರ ‘ಇದ್ದಿರ್’ ಸಂಘದಿಂದ, ನೀವು ಸದಸ್ಯರಲ್ಲದಿದ್ದರೂ, ಬೆಂಚುಗಳು ಬಂದದ್ದು; ಉಗಾಂಡಾದ ಗೆಳೆಯ ನಿಮ್ಮ ಕೈಯನ್ನು ಬೆಳಗಿನವರೆಗೆ ಬಿಡದೆ ಹಿಡಿದು ಕುಳಿತದ್ದು; ಹಿರಿಯ ಇಂಜಿನಿಯರ್ ತಮ್ಮ ಬಿಳಿಯ ದಪ್ಪನೆಯ ಗಾಬಿಯನ್ನು ನಿಮ್ಮ ಹೆಗಲಿಗೆ ಹೊದಿಸಿದ್ದು. ಆ ಹೊದಿಕೆ ಈಗಲೂ ನಿಮ್ಮ ಟ್ರಂಕಿನ ತಳದಲ್ಲಿದೆ ಎಂದೂ, ಮನೆಯಲ್ಲಿ ಯಾರೂ ಅದನ್ನು ನೋಡಿಲ್ಲ ಎಂದೂ ಬರೆದಿದ್ದೀರಿ.

ನಮ್ಮಲ್ಲಿ ಸತ್ತ ಮನೆಯ ಒಲೆ ಹೊತ್ತಿಸುವುದಿಲ್ಲ, ನೆರೆಯವರು ರೊಟ್ಟಿಬುತ್ತಿ ತಂದು, ಒತ್ತಾಯ ಮಾಡಿ ಎರಡು ತುತ್ತು ಉಣ್ಣಿಸಿ ಹೋಗುತ್ತಾರೆ. ನಿಮ್ಮ ಅಪ್ಪನಿಗಾಗಿ ಆ ದಿನ ಎರಡು ಮನೆಗಳಲ್ಲಿ ಜನ ಸೇರಿದ್ದರು, ಒಂದು ಯಲಬುರ್ಗಾ ಸೀಮೆಯ ಹಳ್ಳಿಯಲ್ಲಿ, ಇನ್ನೊಂದು ಜಿವಾಯ್ ಸರೋವರದ ದಂಡೆಯ ಮೇಲೆ. ಒಂದನ್ನು ಕಂಡವಳು ಅಕ್ಕ, ಇನ್ನೊಂದನ್ನು ಕಂಡವರು ಈ ಮೂವರು. ಅಕ್ಕನಿಗೆ ಎರಡನೆಯ ಮನೆಯೊಂದಿತ್ತು ಎಂಬುದೇ ತಿಳಿದಿಲ್ಲ. ಅವಳ ಲೆಕ್ಕದಲ್ಲಿ ತಮ್ಮ ಎಲ್ಲೋ ದೂರದಲ್ಲಿ ಸುದ್ದಿ ಕೇಳಿ, ಮರುದಿನ ಎದ್ದು ಕೆಲಸಕ್ಕೆ ಹೋದ. ಹಾಗೆ ತಿಳಿದವಳಿಗೆ ಈ ಗೆಳೆಯರು ನಿಮ್ಮ ಮೋಜಿನ ಜೊತೆಗಾರರಂತೆ ಕಂಡರೆ ನಾನು ಅವಳನ್ನು ದೂರಲಾರೆ. ಅಪ್ಪನನ್ನು ನೆನೆದು ನೀವು ಅತ್ತದ್ದನ್ನು ಕಂಡವರು ಭೂಮಿಯ ಮೇಲೆ ಇವರಷ್ಟೇ ಎಂಬ ಕಾರಣಕ್ಕೇ ನಿಮ್ಮ ಜೀವ ಅತ್ತ ಎಳೆಯುತ್ತಿದೆ ಎಂದು ನಾನು ತಿಳಿದಿದ್ದೇನೆ. ಅದನ್ನೇ ಅಕ್ಕನಿಗೆ ಹೇಳಬೇಕು.

ಇನ್ನೂ ಒಂದು ಮಾತಿದೆ. ಅಪ್ಪನ ಬೆನ್ನು ಸೆಟೆದು, ಕೊನೆಯ ವರ್ಷಗಳಲ್ಲಿ ನೆಟ್ಟಗೆ ನಿಲ್ಲಲಾರದೆ ಹೋದದ್ದು ನಮ್ಮ ಭಾಗದ ಫ್ಲೋರೈಡ್ ನೀರಿನಿಂದ ಎಂದು ನೀವು ಬೇರೆ ಯಾವುದೋ ಮಾತಿನ ನಡುವೆ ಬರೆದು ಮುಂದೆ ಸಾಗಿದ್ದೀರಿ. ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು, ಮುದುಕರ ಬಗ್ಗದ ಬೆನ್ನುಗಳನ್ನು ನೋಡಿದವಳು ನಾನು. ಇಥಿಯೋಪಿಯಾದ ಬಿರುಕು ಕಣಿವೆಯ ನೆಲದಡಿಯ ನೀರಿನಲ್ಲೂ ಅದೇ ವಿಷವಿದೆ. ಸುಣ್ಣವನ್ನೂ ಪಟಿಕವನ್ನೂ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ, ನಾಗಪುರದ ನೀರಿ ಸಂಸ್ಥೆ ರೂಪಿಸಿದ, ನಲ್ಗೊಂಡದ ಹೆಸರು ಹೊತ್ತ ವಿಧಾನವನ್ನು ನೀವು ಅಲ್ಲಿಯವರಿಗೆ ಕಲಿಸಲು ಹೋದಿರಿ. ಅದು ಸಂಬಳದ ನೌಕರಿಯಾಗಿರಲಿಲ್ಲ. ಊಟ, ಬಾಡಿಗೆಗೆ ಸಾಲುವಷ್ಟು ಭತ್ಯೆ ಮಾತ್ರ ಸಿಗುತ್ತಿತ್ತು. ಅಪ್ಪನ ಬೆನ್ನನ್ನು ನೋಡುತ್ತ ಬೆಳೆದ ಮಗ ಯಾಕೆ ಅಷ್ಟು ದೂರ ಹೋದ ಎಂಬುದನ್ನು ನೀವು ಅಕ್ಕನಿಗೆ ಎಂದಾದರೂ ಹೇಳಿದ್ದೀರಾ? ಪತ್ರದಲ್ಲಿ ಅಂಥ ಗುರುತು ನನಗೆ ಸಿಗಲಿಲ್ಲ.

ಘಟಕ ನಿಂತದ್ದನ್ನು ಕಣ್ಣಾರೆ ನೋಡುವ ಅಂಜಿಕೆ ನಿಮ್ಮದು. ನೋಡಿ ಬನ್ನಿ. ದಿನವೂ ಅಳತೆ ಮಾಡಿ ಪಟಿಕ ಹಾಕುವವರು, ತಳದ ಕೆಸರನ್ನು ತೆಗೆದು ಸಾಗಿಸುವವರು ಇಲ್ಲವಾದರೆ ಅಂಥ ಘಟಕ ಉಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಬೀಗ ಜಡಿದು ನಿಂತ ಶುದ್ಧ ನೀರಿನ ಘಟಕಗಳ ಮುಂದೆ ನಿಂತವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ನಾಲ್ವರೂ ಅದರ ಮುಂದೆ ಒಟ್ಟಿಗೆ ನಿಂತು, ಎಲ್ಲಿ ತಪ್ಪಿದೆವು ಎಂದು ಮಾತನಾಡಿದರೆ ಆ ಭೇಟಿಗೆ ತೂಕ ಬರುತ್ತದೆ.

ಪ್ರಯಾಣದ ವಿಷಯವನ್ನು ಬೇಗ ಮುಗಿಸುತ್ತೇನೆ. ನಿಮ್ಮ ಹಳದಿ ಜ್ವರದ ಲಸಿಕೆಯ ಪುಸ್ತಕದಲ್ಲಿ ಹತ್ತು ವರ್ಷವೆಂದು ಬರೆದಿದ್ದರೂ, 2016ರ ಜುಲೈಯಿಂದ ಆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ; ಇಥಿಯೋಪಿಯಾದಿಂದ ಮರಳಿ ಭಾರತಕ್ಕೆ ಇಳಿದಾಗ ಅದನ್ನು ಕೇಳುತ್ತಾರೆ, ಜೊತೆಗಿರಲಿ. ಆ ದೇಶದ ಕೆಲವು ಪ್ರಾಂತ್ಯಗಳಲ್ಲಿ ಅಶಾಂತಿ ಇರುವುದರಿಂದ ಅಡಿಸ್ ಅಬಾಬಾದಿಂದ ಜಿವಾಯ್‌ವರೆಗಿನ ಸುಮಾರು 160 ಕಿ.ಮೀ. ದಾರಿಗೆ ಇಳಿಯುವ ಮುನ್ನ ಭಾರತೀಯ ರಾಯಭಾರ ಕಚೇರಿಯ ಸೂಚನೆಯನ್ನು ನೋಡಿಕೊಳ್ಳಿ. ಸಾಲ ಮಾಡಿ ಮಾತ್ರ ಹೋಗಬೇಡಿ.

ಗೆಳೆಯರು ಜನವರಿ 19ರ ತಿಮ್ಕತ್ ಹಬ್ಬಕ್ಕೆ, ಅಂದರೆ ಪಾದ್ರಿಗಳು ಹರಸಿದ ನೀರನ್ನು ಜನರ ಮೇಲೆ ಚಿಮುಕಿಸುವ ಆ ದಿನಕ್ಕೆ, ಸೇರೋಣ ಎಂದಿದ್ದಾರೆ. ಅಪ್ಪನ ಪುಣ್ಯಸ್ಮರಣೆಯೂ ಅದರ ಆಸುಪಾಸಿನಲ್ಲೇ ಬರುತ್ತದೆ ಎಂದಿದ್ದೀರಿ. ಈ ವಿಷಯದಲ್ಲಿ ನಾನು ಅಕ್ಕನ ಪಕ್ಷ. ಪುಣ್ಯಸ್ಮರಣೆಯ ದಿನ ನೀವು ಊರಿನಲ್ಲಿ, ಅವಳ ಪಕ್ಕದಲ್ಲಿ ಇರಬೇಕು. ಗೆಳೆಯರೊಂದಿಗಿನ ಆರು ದಿನ ಮೂರಕ್ಕಿಳಿದರೂ ಇಳಿಯಲಿ. ಆ ರಾತ್ರಿ ನಿಮ್ಮೊಂದಿಗೆ ಎಚ್ಚರವಿದ್ದವರಿಗೆ ಕಾರಣ ಹೇಳಿದರೆ ಅರ್ಥವಾಗುತ್ತದೆ.

ಟಿಕೆಟ್ ತೆಗೆಸುವ ಮೊದಲು ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ. ಆ ಗಾಬಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಆದರೆ ಕೂಡಲೇ ತೆಗೆಯಬೇಡಿ. ಅಪ್ಪ ಕೊನೆಗೆ ನೀರು ಕೇಳಿದರೇ, ನನ್ನ ಹೆಸರು ಹೇಳಿದರೇ, ಮೈ ತೊಳೆದವರಾರು, ಬಾಗಿದ ಬೆನ್ನಿನವರನ್ನು ಕುಳ್ಳಿರಿಸಲು ಕಷ್ಟವಾಯಿತೇ ಎಂದು ಮೊದಲು ನೀವು ಅವಳನ್ನು ಕೇಳಿ. ನಿಮ್ಮ ಪತ್ರದ ಪ್ರಕಾರ ಇಷ್ಟು ವರ್ಷಗಳಲ್ಲಿ ನೀವು ಒಮ್ಮೆಯೂ ಕೇಳಿಲ್ಲ. ಅವಳು ಹೇಳಿ ಮುಗಿಸಲಿ, ಎಷ್ಟು ಹೊತ್ತಾದರೂ ಆಗಲಿ. ಆಮೇಲೆ ಗಾಬಿಯನ್ನು ತೆಗೆದು ಅವಳ ತೊಡೆಯ ಮೇಲಿಡಿ.