ಪೆರ್ಲ ಮಾರ್ಗವಾಗಿ ಬನ್ನಿ

ಬೆಂಗಳೂರಿನಿಂದ ಕಾಸರಗೋಡಿಗೆ ಕಾರಿನಲ್ಲಿ ಬರುವುದಾದರೆ ಯಾವ ಮಾರ್ಗ ಚೆಂದ, ಯಾವುದನ್ನು ಬಿಟ್ಟುಬಿಡಬೇಕು ಎಂದು ಕೇಳಿದ್ದೀರಿ. ಶಿರಾಡಿ ಇಳಿದ ಹೆಚ್ಚಿನವರು ಸೀದಾ ಮಂಗಳೂರಿಗೆ ಹೋಗಿ, ಅಲ್ಲಿಂದ ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಕಲ್ಲಡ್ಕದಲ್ಲಿ ಹೊಸ ಮೇಲ್ಸೇತುವೆ ಹತ್ತದೆ ಕೆಳಗಿನ ಸರ್ವಿಸ್ ರಸ್ತೆ ಹಿಡಿದು, ಎಡಕ್ಕೆ ವಿಟ್ಲದ ಕಡೆ ತಿರುಗಿ. ಹತ್ತು ನಿಮಿಷ ನಿಂತು ಕಲ್ಲಡ್ಕದ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಿರಿ, ಹಾಲಿನ ಮೇಲೆ ಡಿಕಾಕ್ಷನ್ ಬೆರೆಯದೆ ನಿಲ್ಲುವ ಆ ಚಹಾಕ್ಕಾಗಿಯೇ ಗಾಡಿ ನಿಲ್ಲಿಸುವವರಿದ್ದಾರೆ. ಆಮೇಲೆ ವಿಟ್ಲ, ಸಾರಡ್ಕ, ಅಡ್ಕಸ್ಥಳ, ಪೆರ್ಲ, ಬದಿಯಡ್ಕ, ಎಡನೀರು, ಚೆರ್ಕಳ. ಒಂದೂವರೆ ಗಂಟೆ ಇಟ್ಟುಕೊಳ್ಳಿ, ಅವಸರ ಬೇಡ.

ಈ ಮಾರ್ಗ ನನಗೆ ಯಾಕೆ ಇಷ್ಟ ಎಂದರೆ, ಇದರಲ್ಲಿ ಬಂದವರಿಗೆ ನಮ್ಮ ಊರು ಅರ್ಥವಾಗುತ್ತದೆ. ಅಡ್ಕಸ್ಥಳದಲ್ಲಿ ರಾಜ್ಯ ಬದಲಾಗುತ್ತದೆ. ಚೆಕ್‌ಪೋಸ್ಟು ಇಲ್ಲದಿದ್ದರೆ ಅದು ನಿಮಗೆ ಗೊತ್ತೇ ಆಗುವುದಿಲ್ಲ. ಆಚೆಯೂ ಅಡಿಕೆ ತೋಟ, ಈಚೆಯೂ ಅಡಿಕೆ ತೋಟ. ಎರಡೂ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಪಾಗಾರದ ಗೋಡೆ, ಗುಡ್ಡೆಯ ಮೇಲೆ ಗೇರು, ರಬ್ಬರು. ಅಂಗಡಿಯಲ್ಲಿ ತುಳು, ಕನ್ನಡ, ಮಲಯಾಳ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಕರಾಡ ಯಾವುದೂ ಕಿವಿಗೆ ಬೀಳಬಹುದು. ಒಬ್ಬನೇ ಅಂಗಡಿಯವ ಮೂರು ಗಿರಾಕಿಗಳೊಂದಿಗೆ ಮೂರು ಭಾಷೆಯಲ್ಲಿ ಲೆಕ್ಕ ಹೇಳುವುದು ಇಲ್ಲಿ ವಿಶೇಷವೇ ಅಲ್ಲ. ಪೆರ್ಲ, ಬಾಯಾರು, ವಿಟ್ಲದ ಮಾಣಿಲ ಕಡೆಯ ಗುಡ್ಡಗಳ ಹೊಟ್ಟೆಯಲ್ಲಿ ಸುರಂಗಗಳಿವೆ. ಬಾವಿ ತೋಡಿದರೆ ನೀರು ಸಿಗದ ಮುರಕಲ್ಲಿನ ನೆಲದಲ್ಲಿ ಹಿರಿಯರು ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ಹರಿಸಿಕೊಂಡ ಕೆಲಸ ಅದು. ಪಂಪು, ಕರೆಂಟು ಏನೂ ಬೇಡ, ನೀರು ತಾನಾಗಿ ತೋಟದ ಕೆರೆಗೆ ಬಂದು ಬೀಳುತ್ತದೆ. ಮಾರ್ಗದಿಂದ ಅದು ಕಾಣುವುದಿಲ್ಲ. ಆದರೆ ಅಷ್ಟು ಕಡಿದಾದ ಗುಡ್ಡದ ಬುಡದಲ್ಲಿ ಬೇಸಗೆಯಲ್ಲೂ ಹಸಿರಾದ ತೋಟ ಕಂಡರೆ ಒಳಗೊಂದು ಸುರಂಗ ಇರಬಹುದೆಂದು ತಿಳಿಯಿರಿ.

ಗಾಡಿ ಓಡಿಸುವ ಸುಖ ಎಂದರೂ ಇದೇ ಮಾರ್ಗ. ತಿರುವುಗಳು ಕಡಿದಾಗಿಲ್ಲ, ಒಂದರ ಹಿಂದೊಂದು ಬರುತ್ತವೆ. ಒಂದು ಏರು ಹತ್ತಿದರೆ ಪದವು, ಬಯಲು, ಗಾಳಿ. ಇಳಿದರೆ ತೋಡು, ಕಂಗು (ಅಡಿಕೆ ಮರ), ನೆರಳು. ಮೂರನೇ ಗೇರಿನಲ್ಲಿ ಹೋಗುತ್ತಾ ಇರಬಹುದು. ಮಳೆಗಾಲ ಕಳೆದ ಕೂಡಲೇ ಕೆಲವು ಕಡೆ ಹೊಂಡ ಏಳುತ್ತದೆ, ಅದನ್ನು ಮುಚ್ಚುವುದಿಲ್ಲ. ಖಾಸಗಿ ಬಸ್ಸುಗಳು ಸಮಯದ ಓಟದಲ್ಲಿ ತಿರುವಿನಲ್ಲೂ ಮಾರ್ಗದ ಮಧ್ಯಕ್ಕೆ ಬರುತ್ತವೆ. ಹಾರ್ನ್ ಕೇಳಿದರೆ ಎಡಕ್ಕೆ ಸರಿದುಬಿಡಿ, ಅವರೊಡನೆ ಹಟ ಬೇಡ.

ಇದೇ ಮಾರ್ಗದಲ್ಲಿ ನಾವು ಮನಸ್ಸು ಭಾರ ಮಾಡಿಕೊಂಡು ದಾಟುವ ಜಾಗವೂ ಉಂಟು. ಪೆರ್ಲದಿಂದ ಒಳಕ್ಕೆ ತಿರುಗಿದರೆ ಎಣ್ಮಕಜೆ ಪಂಚಾಯತಿನ ಸ್ವರ್ಗ, ಪಡ್ರೆ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಇಲ್ಲೇ. 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು. ಹುಟ್ಟಿದ ಮಕ್ಕಳ ತಲೆ ಬೆಳೆಯಿತು, ಕೈಕಾಲು ಬೆಳೆಯಲಿಲ್ಲ. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಗೇರಿನ ಗುಡ್ಡ ಹೂ ಬಿಟ್ಟಾಗ ಬರುವ ಪರಿಮಳ ಬಹಳ ಹಿತ, ಕಾರಿನ ಗಾಜು ಇಳಿಸಿ ಆಸ್ವಾದಿಸಿ. ಆದರೆ ಆ ಗುಡ್ಡಗಳ ಮಧ್ಯೆ ಇರುವ ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟು ಏಳಲಾಗದವರಿದ್ದಾರೆ ಎಂಬುದು ನಿಮಗೆ ಗೊತ್ತಿರಲಿ.

ಪೆರ್ಲಕ್ಕೂ ಬದಿಯಡ್ಕಕ್ಕೂ ನಡುವೆ ಉಕ್ಕಿನಡ್ಕದಲ್ಲಿ ಕಾಸರಗೋಡು ವೈದ್ಯಕೀಯ ಕಾಲೇಜಿನ ಕಟ್ಟಡ ಕಾಣುತ್ತದೆ. ಅದಕ್ಕೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಏಪ್ರಿಲಿನಲ್ಲಿ ಕೊವಿಡ್ ರೋಗಿಗಳಿಗೆಂದು ತರಾತುರಿಯಲ್ಲಿ ಬಾಗಿಲು ತೆರೆಯುವವರೆಗೆ ಅಲ್ಲಿ ಹಾಸಿಗೆಯೇ ಇರಲಿಲ್ಲ. ಮಾರ್ಗದ ವಿಷಯಕ್ಕೆ ಆಸ್ಪತ್ರೆ ಯಾಕೆ ಬಂತು ಎಂದರೆ, ನಮಗೆ ಅವೆರಡೂ ಒಂದೇ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಾಗದದ ಮೇಲಿನ ಗೆರೆ ಅತ್ತ ಹೋಯಿತು, ನಮ್ಮ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ, ಮದುವೆ ಸಂಬಂಧ ಎಲ್ಲವೂ ಮಂಗಳೂರು, ಪುತ್ತೂರು, ಸುಳ್ಯದಲ್ಲೇ ಉಳಿದವು. ಎದೆನೋವು ಬಂದರೆ ಇವತ್ತಿಗೂ ಮೊದಲು ಬಾಯಿಗೆ ಬರುವ ಹೆಸರು ಮಂಗಳೂರು. 2020ರ ಮಾರ್ಚಿನಲ್ಲಿ ಕರ್ನಾಟಕದ ಕಡೆಯಿಂದ ಈ ಮಾರ್ಗಗಳಿಗೆ ಅಡ್ಡವಾಗಿ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದೆ ತಿರುಗಿದವು. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರಣ ಸೋಂಕಿನ ಭಯ ಎಂದು ಒಪ್ಪೋಣ. ಆದರೂ ಕನ್ನಡ ಮಾತಾಡುವ ನಮ್ಮೆದುರು ಕನ್ನಡದ ರಾಜ್ಯವೇ ಮಣ್ಣು ಸುರಿದ ನೋವು ನಮ್ಮಲ್ಲಿ ಇನ್ನೂ ಆರಿಲ್ಲ. ಹೊರಗಿನವರಿಗೆ ಒಂದು ಡ್ರೈವ್ ಆಗಿ ಕಾಣುವ ದಾರಿ ನಮಗೆ ಬದುಕಿನ ನರ.

ಎಡನೀರಿನಲ್ಲಿ ಮಠ ಉಂಟು, ಮಾರ್ಗದಿಂದ ಬಹಳ ದೂರವಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು 1973ರಲ್ಲಿ ತೀರ್ಪು ಬಂದ ಮೊಕದ್ದಮೆಯ ಕೇಶವಾನಂದ ಭಾರತೀ ಸ್ವಾಮೀಜಿ ಇಲ್ಲಿಯವರು. ಯಕ್ಷಗಾನ ಎಂದರೆ ಅವರಿಗೆ ಜೀವ. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಳಿದು ನೋಡಿ.

ಇನ್ನು ಬೇಡದ ಮಾರ್ಗ. ಚೆರ್ಕಳಕ್ಕೆ ಬಂದಾಗ ನೀವು ಹೆದ್ದಾರಿ 66ಕ್ಕೆ ಬೀಳುತ್ತೀರಿ. ಹಿಂದೆ ಅದು 17, ಎರಡು ಪಥದ ಮಾರ್ಗ. ಈಗ ಆರು ಪಥ. ತಲಪಾಡಿಯಿಂದ ಚೆರ್ಕಳದ ಕಡೆಗೆ ಸುಮಾರು 39 ಕಿಲೋಮೀಟರ್ ಭಾಗ ಕೇರಳದ ಬೇರೆ ಜಿಲ್ಲೆಗಳಿಗಿಂತ ಮೊದಲೇ ಮುಗಿಯಿತು, ಕೆಲಸವೂ ಗಟ್ಟಿ. ವೇಗ ಬೇಕಾದವರಿಗೆ ಅದು ಒಳ್ಳೆಯದೇ. ಮಂಗಳೂರಿಗೆ ಆಂಬುಲೆನ್ಸ್ ಹೋಗುವಾಗ ಉಳಿಯುವ ಸಮಯದ ಬೆಲೆ ನನಗೆ ಗೊತ್ತು, ಅದನ್ನು ಹಗುರ ಮಾಡಲಾರೆ. ಆದರೂ ಓಡಿಸುವ ಸಂತೋಷದಲ್ಲಿ ನಾನು ಅದಕ್ಕೆ ಕೊನೆಯ ಜಾಗ ಕೊಡುತ್ತೇನೆ.

ಯಾಕೆಂದರೆ ಅದರಲ್ಲಿ ಊರುಗಳು ಕಾಣುವುದಿಲ್ಲ. ಮಂಜೇಶ್ವರ, ಹೊಸಂಗಡಿ, ಉಪ್ಪಳ, ಕುಂಬಳೆ, ಮೊಗ್ರಾಲ್ ಎಲ್ಲವೂ ಎರಡು ಬದಿಯ ಕಾಂಕ್ರೀಟ್ ಗೋಡೆಯ ಆಚೆ ಹೋದವು. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಯವರ ಮನೆ ಉಂಟು, ಅವರ ಸ್ಮಾರಕ 'ಗಿಳಿವಿಂಡು' ಉಂಟು. ಗಂಟೆಗೆ 90ರಲ್ಲಿ ಹೋಗುವವನಿಗೆ ಅದರ ಸುಳಿವೇ ಸಿಗುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯೂ ಹಾಗೆಯೇ ಹಿಂದಕ್ಕೆ ಸರಿದುಬಿಡುತ್ತದೆ. ಊರಿನ ಒಳಗಿನ ಬದುಕಿಗೆ ಆದ ತೊಂದರೆ ಇದಕ್ಕಿಂತ ದೊಡ್ಡದು. ಮಾರ್ಗದ ಈಚೆ ಮನೆ, ಆಚೆ ಶಾಲೆ. ಮೊದಲು ಎರಡು ನಿಮಿಷದಲ್ಲಿ ದಾಟುತ್ತಿದ್ದ ಮಕ್ಕಳು ಈಗ ಕೆಳಸೇತುವೆ ಹುಡುಕಿಕೊಂಡು ನಡೆಯಬೇಕು. ಮುದುಕರು ಕಾಲುಸೇತುವೆಯ ಮೆಟ್ಟಿಲು ನೋಡಿ ಮನೆಯಲ್ಲೇ ಕೂರುತ್ತಾರೆ. ಊರಿನ ವಾಹನಗಳೆಲ್ಲ ಕಿರಿದಾದ ಸರ್ವಿಸ್ ರಸ್ತೆಯಲ್ಲಿ ಎದುರು ಬದುರು ಆಗಿ ನಿಲ್ಲುತ್ತವೆ, ಬಸ್ಸೂ ಅಲ್ಲೇ ನಿಲ್ಲಬೇಕು, ಮಳೆ ಬಂದರೆ ನೀರೂ ಅಲ್ಲೇ ನಿಲ್ಲುತ್ತದೆ. ಕಾಸರಗೋಡು ಪೇಟೆಯಲ್ಲಿ ಮಾತ್ರ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯವರೆಗೆ ಒಂದೇ ಸಾಲಿನ ಕಂಬಗಳ ಮೇಲೆ ಮೇಲ್ಸೇತುವೆ ಕಟ್ಟಿದರು. ಕೆಳಗೆ ಪೇಟೆ ಉಸಿರಾಡುತ್ತದೆ. ಉಪ್ಪಳಕ್ಕೂ ಕುಂಬಳೆಗೂ ಹಾಗೆಯೇ ಮಾಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಚೆರ್ಕಳದಿಂದ ದಕ್ಷಿಣಕ್ಕೆ ಹೋಗುವುದಾದರೆ, ಅದರಲ್ಲೂ ಮಳೆಗಾಲದಲ್ಲಿ, ಇನ್ನಷ್ಟು ಎಚ್ಚರ ಬೇಕು. ಬೇವಿಂಜೆ, ತೆಕ್ಕಿಲ್ ಕಡೆ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದಾರೆ. ನಮ್ಮ ಮುರಕಲ್ಲು ಮೇಲೆ ಗಟ್ಟಿ, ಅದರ ಅಡಿಯಲ್ಲಿ ಇರುವುದು ಮೆತ್ತಗಿನ ಜೇಡಿ. ನೀರು ಇಳಿದರೆ ಮೇಲಿನದನ್ನೂ ಹೊತ್ತುಕೊಂಡು ಬರುತ್ತದೆ. ಇದು ತೋಟಕ್ಕೆ ಅಗಳು ತೋಡುವ ಯಾವ ಆಳಿಗೂ ಗೊತ್ತಿರುವ ಸಂಗತಿ. 2025ರ ಮೇ ತಿಂಗಳಲ್ಲಿ ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಗುಡ್ಡ ಜರಿದು ಕೆಲಸಕ್ಕೆ ಬಂದಿದ್ದ ಕಾರ್ಮಿಕನೊಬ್ಬ ಸತ್ತ. ಅದೇ ವರ್ಷದ ಜುಲೈಯಲ್ಲಿ ಹತ್ತಿರದ ವೀರಮಲ ಗುಡ್ಡ ಕುಸಿದು ಮಾರ್ಗಕ್ಕೆ ಬಂತು.

ಗ್ಯಾಸ್ ಟ್ಯಾಂಕರ್‌ಗಳ ವಿಷಯವೂ ಹೇಳಬೇಕು. ಮಂಗಳೂರಿನಿಂದ ಕೇರಳಕ್ಕೆ ಹೋಗುವ ಅಡಿಗೆ ಅನಿಲ ಇದೇ ಹೆದ್ದಾರಿಯಲ್ಲಿ ಹೋಗುತ್ತದೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಅಂಥ ಒಂದು ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ 20 ಜನ ಸತ್ತರು. ರಾತ್ರಿ ಟ್ಯಾಂಕರಿನ ಪಕ್ಕ ಪಕ್ಕ ಹೋಗಬೇಡಿ. ಒಂದೋ ದಾಟಿ ಹೋಗಿ, ಇಲ್ಲವೇ ಹಿಂದೆ ಉಳಿಯಿರಿ. ಮೀನಿನ ಲಾರಿಗಳಿಂದ ಸುರಿಯುವ ನೀರಿಗೆ ಬೈಕಿನವರು ಜಾರುತ್ತಾರೆ, ಅವರಿಗೂ ಸ್ವಲ್ಪ ಜಾಗ ಬಿಡಿ.

ಕಾಸರಗೋಡಿನಿಂದ ಕಾಞಂಗಾಡಿಗೆ ಕಡಲ ಬದಿಯ ಮಾರ್ಗ ಬೇರೆ. ಚಂದ್ರಗಿರಿ ಸಂಕ ದಾಟಿ ಉದುಮ, ಪಾಲಕುನ್ನು, ಬೇಕಲ. ಕೋಟೆ ನೋಡಲು ಅದರಲ್ಲೇ ಹೋಗಬೇಕು, ಬೆಳಿಗ್ಗೆ ಎಂಟರೊಳಗೆ ಹೋದರೆ ಸುಖ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಆ ಕೋಟೆಯ ಎದುರು ಸಂಜೆ ವಾಹನಗಳದ್ದೇ ರಾಶಿ.

ನಿಮಗೆ ಎರಡು ದಿನ ಹೆಚ್ಚು ಇದ್ದರೆ ಹಿಂದೆ ಹೋಗುವಾಗ ಬಂದ ದಾರಿಯಲ್ಲೇ ಹೋಗಬೇಡಿ. ಚೆರ್ಕಳದಿಂದ ಬೋವಿಕ್ಕಾನ, ಮುಳ್ಳೇರಿಯ ಆಗಿ ಜಾಲ್ಸೂರಿಗೆ ಹೋಗುವ ಮಾರ್ಗ ಸುಳ್ಯಕ್ಕೆ ಸೇರಿಸುತ್ತದೆ. ಕಾಡು, ಪಯಸ್ವಿನಿ ಹೊಳೆಯ ಬದಿ, ನುಣುಪಾದ ಡಾಮರು. ಕಾರಡ್ಕ, ದೇಲಂಪಾಡಿ ಕಡೆ ಆನೆ ಇಳಿಯುತ್ತದೆ, ಹಾಗಾಗಿ ಕತ್ತಲಾದ ಮೇಲೆ ಬೇಡ. ನಂದಾರಪದವಿನಿಂದ ಪೈವಳಿಕೆ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಆಗಿ ತೆಂಕಿಗೆ ಇಳಿಯುವ ಮಲೆನಾಡ ಹೆದ್ದಾರಿಯೂ ಚೆಂದವೇ. ಆದರೆ ನಾನು ಕಳಿಸುವುದು ಕಾಞಂಗಾಡಿನ ಒಳಗಡೆ, ಕೊಡಗಿನ ಗಡಿಯಲ್ಲಿರುವ ಪಾಣತ್ತೂರಿನ ಮಾರ್ಗವಾಗಿ.

ಪಾಣತ್ತೂರಿನಿಂದ ಕರಿಕೆ, ಅಲ್ಲಿಂದ ಭಾಗಮಂಡಲ. ಸುಮಾರು 30 ಕಿಲೋಮೀಟರ್ ಘಾಟಿ. ಮಾರ್ಗ ಕಿರಿದು, ಎದುರಿನಿಂದ ಜೀಪು ಬಂದರೆ ಒಬ್ಬರು ನಿಲ್ಲಬೇಕು. ಒಂದು ಬದಿ ಬಂಡೆಯ ಗೋಡೆ, ಇನ್ನೊಂದು ಬದಿ ಕಾಡಿನ ಆಳ. ಮಳೆ ನಿಂತು ತಿಂಗಳಾದರೂ ತಿರುವು ತಿರುವಿಗೆ ನೀರು ಧುಮುಕುತ್ತಿರುತ್ತದೆ. ಕರಿಕೆ ಕೊಡಗಿನ ಊರು. ಅಲ್ಲಿನವರ ಪೇಟೆ ಮತ್ತು ಆಸ್ಪತ್ರೆ ಮಾತ್ರ ಕೇರಳದ ಪಾಣತ್ತೂರು, ಕಾಞಂಗಾಡು. ನಮ್ಮ ಸ್ಥಿತಿಯೇ ತಿರುಗಾ ಮುರುಗಾ ಆಗಿ ಅಲ್ಲಿ ಉಂಟು. ಆ ಊರಿನ ಜನರ ಹತ್ತಿರ ಮಾತಾಡಿದರೆ ನಾವು ಹೇಳುವುದು ಅವರಿಗೆ ವಿವರಿಸದೆಯೇ ತಿಳಿಯುತ್ತದೆ.

ಸುಳ್ಯದ ಕಡೆಯಿಂದ ಪಾಣತ್ತೂರಿಗೆ ಇಳಿಯುವುದಾದರೆ ಪರಿಯಾರಂ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿಯಬೇಡಿ, ಎರಡನೇ ಗೇರಿನಲ್ಲೇ ಇರಿ. 2021ರ ಜನವರಿ 3ರಂದು ಮದುವೆಯ ದಿಬ್ಬಣದ ಬಸ್ಸು ಅಲ್ಲಿ ಹಿಡಿತ ತಪ್ಪಿ ಮನೆಯೊಂದರ ಮೇಲೆ ಮಗುಚಿತು. ಏಳು ಮಂದಿ ಹೋದರು. ಪುತ್ತೂರು ಕಡೆಯಿಂದ ಕರಿಕೆಗೆ ಹೊರಟಿದ್ದವರು; ಗಡಿಯ ಈಚೆ ಆಚೆ ಹೆಣ್ಣು ಕೊಟ್ಟು ತರುವುದು ಇಲ್ಲಿ ದಿನದ ಮಾತು.

ಬರುವುದಾದರೆ ನವೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ ಬನ್ನಿ. ಮಾರ್ಗ ಒಣಗಿರುತ್ತದೆ, ಗೇರು ಹೂ ಬಿಟ್ಟಿರುತ್ತದೆ, ರಾತ್ರಿ ಎಲ್ಲಾದರೂ ಬಯಲಾಟದ ಚೆಂಡೆ ಕೇಳೀತು. ಕೇಳಿದರೆ ಗಾಡಿ ಬದಿಗೆ ಹಾಕಿ ಹೋಗಿ ಕೂರಿ, ಯಾರೂ ಟಿಕೆಟ್ ಕೇಳುವುದಿಲ್ಲ. ಪೆಟ್ರೋಲು ವಿಟ್ಲದಲ್ಲೇ ತುಂಬಿಸಿಕೊಳ್ಳಿ, ಗಡಿ ದಾಟಿದರೆ ತುಟ್ಟಿ. ಕರಿಕೆ ಘಾಟಿಗೆ ಹೊರಡುವ ದಿನ ಮಧ್ಯಾಹ್ನದೊಳಗೆ ಪಾಣತ್ತೂರು ಬಿಡಿ; ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ಬೆಳಕಿರುವಾಗಲೇ ಭಾಗಮಂಡಲ ಸೇರಬೇಕು.